ಬಡಿಸಿದ ಕೈಗಳ ಚರಿತ್ರೆ: ಥಾಣೆ–ಕಲ್ಯಾಣ ಹಾದಿಯ ಉಡುಪಿ ಹೋಟೆಲುಗಳು

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು 34 ಕಿಲೋಮೀಟರು ಸಾಗಿ ಥಾಣೆಯನ್ನು ತಲುಪಿತು. ಮರುವರ್ಷದ ಮೇ ತಿಂಗಳಲ್ಲಿ ಹಳಿಗಳು ಕಲ್ಯಾಣವನ್ನೂ ಮುಟ್ಟಿದವು. ಭಾರತದ ಪ್ರಯಾಣಿಕ ರೈಲಿನ ಚರಿತ್ರೆಯನ್ನು ಬರೆಯುವವರು ಇಲ್ಲಿಂದಲೇ ಆರಂಭಿಸುತ್ತಾರೆ. ಮುಂಬಯಿಯ ಆಚೆಗಿನ ಈ ಊರುಗಳಲ್ಲಿ ನೆಲೆಸಿದ ಕನ್ನಡಿಗರಾದ ನಾವು ನಮ್ಮ ಬದುಕಿನ ಚರಿತ್ರೆಯನ್ನು ಬರೆಯಹೊರಟರೂ ಇದೇ ಹಳಿಗಳ ಗುಂಟ ನಡೆಯಬೇಕಾಗುತ್ತದೆ. ಈ ಕಲ್ಯಾಣವು ಬಸವಣ್ಣನವರ ಕಲ್ಯಾಣವಲ್ಲ, ಇಲ್ಲಿ ಅನುಭವಮಂಟಪವಿರಲಿಲ್ಲ. ಆದರೆ ಕಾಯಕವೊಂದು ಇತ್ತು. ನಿಲ್ದಾಣದಿಂದ ಹೊರಬಂದವನಿಗೆ ಎದುರಿಗೇ ಕಾಣುವ ಹೋಟೆಲಿನ ಗಲ್ಲಾದಲ್ಲಿ, ಅಡುಗೆಮನೆಯಲ್ಲಿ, ಮೇಜುಗಳ ನಡುವೆ ಅದು ನಡೆಯುತ್ತಿತ್ತು.

ಉಡುಪಿ ಹೋಟೆಲಿನ ಯಶಸ್ಸನ್ನು ಕುರಿತು ನಮ್ಮಲ್ಲಿ ಹೆಮ್ಮೆಯ ಮಾತುಗಳಿಗೆ ಕೊರತೆಯಿಲ್ಲ. ದೋಸೆಯ ರುಚಿ, ಸಾಂಬಾರಿನ ಘಮ, ಕೃಷ್ಣನ ಅನುಗ್ರಹ ಎಂದು ಕಾರಣಗಳನ್ನು ಎಣಿಸುತ್ತೇವೆ. ಇವೆಲ್ಲ ಸುಳ್ಳಲ್ಲ. ಆದರೆ ದೋಸೆಯನ್ನು ಎಂದೂ ಕಾಣದ, ಕನ್ನಡವನ್ನಾಗಲೀ ತುಳುವನ್ನಾಗಲೀ ಕೇಳದ ಮರಾಠಿ, ಗುಜರಾತಿ, ಸಿಂಧಿ ಗಿರಾಕಿಯು ಮೊದಲ ಸಲ ಒಳಗೆ ಬಂದದ್ದು ಹೇಗೆ, ಎರಡನೆಯ ಸಲ ಮತ್ತೆ ಬಂದದ್ದು ಏಕೆ ಎಂಬ ಪ್ರಶ್ನೆಗೆ ರುಚಿಯೊಂದೇ ಉತ್ತರವಾಗಲಾರದು. ಅವರನ್ನು ಗೆದ್ದದ್ದು ಸೇವೆ. ಆ ಸೇವೆ ಏನಾಗಿತ್ತು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಕರಾವಳಿಯಿಂದ ಮುಂಬಯಿಗೆ ವಲಸೆ ಹಳೆಯದು. ಮಂಗಳೂರಿನಿಂದ ಹಡಗು ಹತ್ತಿ, ಅನಂತರದ ದಿನಗಳಲ್ಲಿ ಘಟ್ಟ ಹತ್ತುವ ಬಸ್ಸು ಹಿಡಿದು ಜನ ಬಂದರು. 1923ರ ಮಹಾನೆರೆ ದಕ್ಷಿಣ ಕನ್ನಡದ ಹೊಲಮನೆಗಳನ್ನು ಕೊಚ್ಚಿಕೊಂಡು ಹೋದಾಗ ಇನ್ನಷ್ಟು ಮಂದಿ ಊರು ಬಿಟ್ಟರು. ಅರ್ಧ ಶತಮಾನ ಕಳೆದ ಮೇಲೆ, 1974ರಲ್ಲಿ ತಿದ್ದುಪಡಿಗೊಂಡ ಕರ್ನಾಟಕದ ಭೂಸುಧಾರಣಾ ಕಾನೂನು ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯ ಆದಾಯವನ್ನು ಕಳೆದುಕೊಂಡ ಅನೇಕ ಕುಟುಂಬಗಳ ಮಕ್ಕಳೂ ಅದೇ ದಾರಿ ಹಿಡಿದರು. ಹೀಗೆ ಒಮ್ಮೆ ಬಡವನೂ ಇನ್ನೊಮ್ಮೆ ಜಮೀನು ಹೋದವನೂ ಒಂದೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದು ನಮ್ಮ ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಈ ಬಾಗಿಲುಗಳಲ್ಲಿ ಪ್ರಸಿದ್ಧವಾದವು ಮೊದಲು ಮಾಟುಂಗದಲ್ಲಿ ತೆರೆದವು. ಎಳೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಪಾತ್ರೆ ತೊಳೆಯುವುದರಿಂದ ದುಡಿಮೆ ಆರಂಭಿಸಿದ ಎ. ರಾಮ ನಾಯಕರು 1942ರಲ್ಲಿ ಅಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗನ್ನು ಕಟ್ಟಿದರು. ಬಾಳೆಯೆಲೆಯ ಊಟ, ನಿಗದಿಯಾದ ಬೆಲೆ, ಪಂಕ್ತಿಯ ಶಿಸ್ತು ಇವು ಅದರ ಗುರುತಾದವು. ಉಡುಪಿಯ ಕೃಷ್ಣನನ್ನು ನಾವು ಅನ್ನಬ್ರಹ್ಮನೆಂದು ಕರೆಯುತ್ತೇವೆ. ದೇವಸ್ಥಾನದ ಪಂಕ್ತಿಯಲ್ಲಿ ಬಡಿಸುವವನಿಗೆ ಇರಬೇಕಾದ ಚುರುಕು, ಎಲೆ ಖಾಲಿಯಾಗುವ ಮುನ್ನ ಮುಂದಿನ ಪದಾರ್ಥ ಬರಬೇಕೆಂಬ ಎಚ್ಚರ, ಒಂದು ಪಂಕ್ತಿ ಎದ್ದ ಕೂಡಲೇ ನೆಲ ಶುದ್ಧವಾಗಬೇಕೆಂಬ ನಿಯಮ ಇವೆಲ್ಲ ಕರಾವಳಿಯ ಅಡುಗೆಯವರಿಗೆ ಮೈಗೂಡಿದ್ದವು. ದೇವಸ್ಥಾನದಲ್ಲಿ ಉಣ್ಣುವವನು ಭಕ್ತ, ಹೋಟೆಲಿನಲ್ಲಿ ಉಣ್ಣುವವನು ಗಿರಾಕಿ. ದೇವಸ್ಥಾನದ ಪಂಕ್ತಿಗೆ ಜಾತಿಯ ಕಟ್ಟಳೆಯಿತ್ತು. ಮುಂಬಯಿಯ ಮೇಜಿನಲ್ಲಿ ಪಕ್ಕದವನ ಜಾತಿಯನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಮಾಟುಂಗದ ಗಿರಾಕಿಗಳಲ್ಲಿ ದಕ್ಷಿಣದವರು ಬಹಳ. ಅವರನ್ನು ಗೆಲ್ಲಬೇಕಾಗಿರಲಿಲ್ಲ, ಮನೆಯ ರುಚಿಗೆ ಹಸಿದ ಅವರು ತಾವಾಗಿ ಬರುತ್ತಿದ್ದರು. ನಿಜವಾದ ಪರೀಕ್ಷೆ ಎದುರಾದದ್ದು ಹಳಿಗಳ ಗುಂಟ ಮುಂದಕ್ಕೆ ಸಾಗಿದವರಿಗೆ. ದೇಶವಿಭಜನೆಯ ಅನಂತರ ಕಲ್ಯಾಣದ ಬಳಿಯ ಸೇನಾಶಿಬಿರಗಳಲ್ಲಿ ಸಿಂಧಿ ನಿರಾಶ್ರಿತರು ನೆಲೆಗೊಂಡರು. 1949ರಲ್ಲಿ ಅದು ಉಲ್ಲಾಸನಗರವಾಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾಭಿವೃದ್ಧಿ ನಿಗಮ ಸ್ಥಾಪನೆಯಾಗಿ ಥಾಣೆಯ ವಾಗ್ಳೆ ಎಸ್ಟೇಟ್ ಅದರ ಮೊದಲ ಕೈಗಾರಿಕಾ ವಸಾಹತಾಯಿತು. ಅದೇ ದಶಕದಲ್ಲಿ ಡೊಂಬಿವಲಿಯಲ್ಲಿಯೂ ಥಾಣೆ–ಬೇಲಾಪುರ ರಸ್ತೆಯಲ್ಲಿಯೂ ಕಾರ್ಖಾನೆಗಳೆದ್ದವು. ದಾದರ್, ಗಿರ್ಗಾಂವ್‌ಗಳ ಬಾಡಿಗೆಯನ್ನು ಭರಿಸಲಾಗದ ಮರಾಠಿ ಮಧ್ಯಮವರ್ಗ ಡೊಂಬಿವಲಿಗೆ ಬಂದು ನೆಲೆಯೂರಿತು. ಇಲ್ಲಿ ಹೋಟೆಲು ತೆರೆದ ಕನ್ನಡಿಗನಿಗೆ ತನ್ನವರೆಂಬ ಗಿರಾಕಿಗಳು ವಿರಳ. ಎದುರಿಗಿದ್ದವರು ಅಪರಿಚಿತರು, ಮನೆಯಲ್ಲಿ ಪೋಹೆ, ಪೋಳಿ–ಭಾಜಿ ತಿಂದು ಬೆಳೆದವರು.

ಆ ಅಪರಿಚಿತನಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಸಮಯ. ಕಲ್ಯಾಣದಿಂದ ಬೋರಿಬಂದರಿಗೆ ಸುಮಾರು 54 ಕಿಲೋಮೀಟರು. ಬೆಳಿಗ್ಗೆ ಹಾಜರಿ ಹಾಕಬೇಕಾದ ಗುಮಾಸ್ತನಿಗೆ ತನ್ನ ಲೋಕಲ್ ಗಾಡಿಯ ನಿಮಿಷವೂ ಬಾಯಿಪಾಠ. ಅವನ ಬಳಿ ಹತ್ತು ನಿಮಿಷವಿದೆಯೆಂದರೆ ಹತ್ತೇ ನಿಮಿಷ. ಉಡುಪಿ ಹೋಟೆಲು ಈ ಹತ್ತು ನಿಮಿಷವನ್ನು ಅರ್ಥಮಾಡಿಕೊಂಡಿತು. ಕೂರುವ ಮೊದಲೇ ಮೇಜು ಒರೆಸಿರುತ್ತಿತ್ತು. ಕೂತ ಕ್ಷಣ ನೀರಿನ ಲೋಟ ಬರುತ್ತಿತ್ತು. ಆ ನೀರು ಬಾಯಾರಿಕೆಗಾಗಿ ಮಾತ್ರವಲ್ಲ, ‘ನೀವು ಬಂದದ್ದನ್ನು ನೋಡಿದ್ದೇವೆ’ ಎಂಬ ಮಾತಿನ ಬದಲಿಗಿತ್ತು. ಇಡ್ಲಿ ಹಬೆಯಲ್ಲಿ ಸಿದ್ಧ, ಹಿಟ್ಟು ರಾತ್ರಿಯೇ ರುಬ್ಬಿ ಹುದುಗಿದ್ದು, ಚಟ್ನಿ ಮುಂಜಾನೆ ಅರೆದದ್ದು. ಕೆಲಸದ ಬಹುಪಾಲು ಗಿರಾಕಿ ಏಳುವ ಮುನ್ನವೇ ಮುಗಿದಿರುತ್ತಿದ್ದ ಕಾರಣ ಅವನು ಕಾಯಬೇಕಾಗಿರಲಿಲ್ಲ.

ಇದರಲ್ಲಿ ಲೆಕ್ಕಾಚಾರವೂ ಇತ್ತೆಂಬುದನ್ನು ಮರೆಮಾಡಬೇಕಿಲ್ಲ. ನಾಲ್ವರು ಕೂರುವ ಒಂದು ಮೇಜನ್ನು ಊಹಿಸಿಕೊಳ್ಳೋಣ. ಬೆಳಗಿನ ಎರಡು ತಾಸುಗಳಲ್ಲಿ ಒಬ್ಬೊಬ್ಬ ಗಿರಾಕಿ 20 ನಿಮಿಷ ಕೂತರೆ ಆ ಮೇಜು 24 ಜನರಿಗೆ ಉಣಿಸುತ್ತದೆ. 10 ನಿಮಿಷಕ್ಕೆ ಎದ್ದರೆ 48 ಜನರಿಗೆ. ಬೆಲೆ ಏರಿಸದೆ ವ್ಯಾಪಾರ ಇಮ್ಮಡಿಸುವ ಉಪಾಯ ಇದೊಂದೇ. ಅಲ್ಪ ಲಾಭ, ಅಧಿಕ ಗಿರಾಕಿ ಎಂಬುದು ಈ ಉದ್ಯಮದ ಅಡಿಪಾಯ. ಗಿರಾಕಿಯ ಆತುರವೂ ಮಾಲೀಕನ ಲಾಭವೂ ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದ್ದರಲ್ಲಿ ನಮ್ಮ ಹಿರಿಯರ ವ್ಯವಹಾರಜ್ಞಾನವಿತ್ತು. ಆದರೆ ಎಬ್ಬಿಸಿ ಕಳಿಸಿದಂತೆ ಯಾರಿಗೂ ಅನ್ನಿಸಬಾರದು. ಅದು ಬಡಿಸುವವನ ಕೌಶಲ.

ಸ್ವಚ್ಛತೆ ಎರಡನೆಯ ಸಂಗತಿ. ಇದರಲ್ಲಿ ಮುಂಬಯಿಯ ಹೋಟೆಲುಗಳು ಒಂಟಿಯಾಗಿರಲಿಲ್ಲ. ಉಡುಪಿ ಸೀಮೆಯವರು ಎಲ್ಲೆಲ್ಲಿ ಹೋಟೆಲು ಇಟ್ಟರೋ ಅಲ್ಲೆಲ್ಲ ಇದು ಹೆಸರಾಯಿತು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಹೋಟೆಲುಗಳನ್ನು ನೋಡಿಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಪದ್ಧತಿಯನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತೆ ಮಾಡಿದರು. ಅಡುಗೆಮನೆಯ ಬಾಗಿಲನ್ನು ತೆರೆದಿಡುವವನಿಗೆ ಜಾಹೀರಾತು ಬೇಕಾಗುವುದಿಲ್ಲ. ಡೊಂಬಿವಲಿಯ, ಥಾಣೆಯ ಸಣ್ಣ ಹೋಟೆಲಿಗೆ ಯೂರೋಪಿನ ಯಂತ್ರಗಳು ಎಟುಕದಿದ್ದರೂ ಒರೆಸಿದ ಕಲ್ಲಿನ ಮೇಜು, ತಿಕ್ಕಿ ಬೆಳಗಿದ ಸ್ಟೀಲ್ ಲೋಟ ಎಟುಕಿದವು. ಗಂಡಸರ ಗದ್ದಲದಿಂದ ತುಸು ಮರೆಯಾಗಿದ್ದ ‘ಫ್ಯಾಮಿಲಿ ರೂಮ್’ ಇನ್ನೊಂದು ಹೆಜ್ಜೆ. ಹೋಟೆಲಿನಲ್ಲಿ ತಿನ್ನುವುದು ಸಭ್ಯರ ಲಕ್ಷಣವಲ್ಲವೆಂದು ನಂಬಿದ್ದ ಕಾಲದಲ್ಲಿ ಮಧ್ಯಮವರ್ಗದ ಹೆಣ್ಣುಮಕ್ಕಳು ಮಕ್ಕಳೊಂದಿಗೆ ಬಂದು ನಿಶ್ಚಿಂತೆಯಿಂದ ಕೂರಲು ಅದು ಅನುವು ಮಾಡಿಕೊಟ್ಟಿತು. ಹೊಸ ಗಿರಾಕಿ ಎಂದರೆ ಹೊಸ ಬಡಾವಣೆಯವನು ಮಾತ್ರವಲ್ಲ; ಅದುವರೆಗೆ ಹೊಸ್ತಿಲಾಚೆ ನಿಂತಿದ್ದವಳೂ ಹೌದು.

ಮೂರನೆಯದು, ಗಿರಾಕಿಯ ನಾಲಗೆಗೆ ಬಾಗುವ ಗುಣ. ನಾಲಗೆಯೆಂದರೆ ರುಚಿಯೂ ಹೌದು, ಭಾಷೆಯೂ ಹೌದು. ಉದ್ದಿನವಡೆ ಇಲ್ಲಿ ಮೇದುವಡಾ ಆಯಿತು. ಸಾಂಬಾರಿಗೆ ಬೆಲ್ಲ ಹೆಚ್ಚಾಯಿತು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಜೈನರಿಗೆ ಬೇರೆ ದೋಸೆ ಬಂತು. ಊಟವು ‘ರೈಸ್ ಪ್ಲೇಟ್’ ಎಂಬ ಹೆಸರಿನಲ್ಲಿ ಚಪಾತಿಯನ್ನೂ ಸೇರಿಸಿಕೊಂಡಿತು. ಮುಂದೆ ಪಾವ್‌ಭಾಜಿ, ಪಂಜಾಬಿ ಪಲ್ಯಗಳು, ಚೀನೀ ನೂಡಲ್ಸುಗಳೂ ಒಳಗೆ ಬಂದವು. ಶುದ್ಧರುಚಿಯನ್ನು ಬಯಸುವವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ಆದರೆ ಕಾರ್ಕಳ, ಕುಂದಾಪುರಗಳ ಹಳ್ಳಿಯಿಂದ ಬಂದ ಹುಡುಗ ಆರು ತಿಂಗಳಲ್ಲಿ ಮರಾಠಿ ಕಲಿತು, ಗಿರಾಕಿ ಬಾಯಿ ತೆರೆಯುವ ಮೊದಲೇ ಅವನ ಎಂದಿನ ತಿಂಡಿಯನ್ನು ಹೇಳುತ್ತಿದ್ದ ಎಂಬುದನ್ನು ನೆನೆದರೆ ಇದು ಸೋಲೆಂದು ತೋರುವುದಿಲ್ಲ. ಗಿರಾಕಿ ಅವನನ್ನು ‘ಅಣ್ಣಾ’ ಎಂದು ಕರೆದ. ಕನ್ನಡದ ಆ ಒಂದು ಸಂಬಂಧವಾಚಕ ಈ ಊರುಗಳ ಮರಾಠಿಯಲ್ಲಿ ಉಡುಪಿ ಹೋಟೆಲಿನವನ ಹೆಸರೇ ಆಗಿ ಉಳಿಯಿತು.

ಈ ಸಂಬಂಧಕ್ಕೆ ಕಠಿಣ ಪರೀಕ್ಷೆ ಬಂದದ್ದು 1960ರ ದಶಕದ ಕೊನೆಯಲ್ಲಿ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಮರುವರ್ಷವೇ ಥಾಣೆಯ ನಗರಸಭೆಯಲ್ಲಿ ಅಧಿಕಾರ ಹಿಡಿಯಿತು. ಮರಾಠಿಗರ ನೌಕರಿಗಳನ್ನು ದಕ್ಷಿಣದವರು ಕಸಿದಿದ್ದಾರೆಂಬ ಕೂಗು ಬೀದಿಗಿಳಿದಾಗ ಸುಲಭವಾಗಿ ಕೈಗೆ ಸಿಕ್ಕಿದ್ದು ಉಡುಪಿ ಹೋಟೆಲು. ಅದಕ್ಕೆ ಕಾವಲುಗಾರರಿರಲಿಲ್ಲ, ಬಾಗಿಲು ಸದಾ ತೆರೆದಿತ್ತು, ಹೆಸರಿನಲ್ಲಿಯೇ ಊರಿತ್ತು. ಗಾಜುಗಳು ಒಡೆದವು. ಉಡುಪಿ ತಿಂಡಿಗೆ ಎದುರಾಗಿ ವಡಾಪಾವ್ ಮರಾಠಿ ಯುವಕರ ಸ್ವಾವಲಂಬನೆಯ ಸಂಕೇತವಾಯಿತು. ಬಹಳ ಕಾಲದ ಮೇಲೆ, 1995ರಲ್ಲಿ, ಒಂದು ರೂಪಾಯಿಗೆ ಝುಣಕಾ–ಭಾಕರ್ ಕೊಡುವ ಸರಕಾರಿ ಯೋಜನೆಯೂ ಬಂತು.

ಹೋಟೆಲುಗಳು ಉಳಿದವು. ಸೇವೆಯ ಮಹಿಮೆಯಿಂದ ದ್ವೇಷವೆಲ್ಲ ಕರಗಿತೆಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ. ರಾಜಕೀಯದ ಗುರಿ ಬದಲಾಯಿತು, ಮಾಲೀಕರು ಸ್ಥಳೀಯ ಮುಖಂಡರೊಂದಿಗೆ ಹೊಂದಿಕೊಂಡರು, ಫಲಕಗಳು ಮರಾಠಿಗೆ ತಿರುಗಿದವು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಭಾಷಣಕ್ಕೆ ಚಪ್ಪಾಳೆ ತಟ್ಟಿದವನಿಗೂ ಮರುದಿನ ಬೆಳಿಗ್ಗೆ ಲೋಕಲ್ ಹಿಡಿಯಬೇಕಾಗಿತ್ತು, ಅವನ ಬಳಿಯೂ ಹತ್ತೇ ನಿಮಿಷವಿತ್ತು. ಅವನಿಗೆ ನೀರಿನ ಲೋಟ ಎಂದಿನಂತೆಯೇ ಬಂತು. ದಿನನಿತ್ಯದ ಅಗತ್ಯವಾಗಿಬಿಟ್ಟವನನ್ನು ಹೊರಗಿನವನೆಂದು ದಿನವೂ ಭಾವಿಸುವುದು ಕಷ್ಟ. ವಲಸಿಗನಿಗೆ ದೊರೆಯುವ ರಕ್ಷಣೆಗಳಲ್ಲಿ ಇದೂ ಒಂದು. ದುರ್ಬಲವಾದದ್ದೇ ಆದರೂ ನಿಜವಾದದ್ದು.

ಇಷ್ಟನ್ನು ಹೇಳಿದ ಮೇಲೆ ಅಡುಗೆಮನೆಯ ಹಿಂಬದಿಗೆ ಹೋಗಲೇಬೇಕು. ನೀರಿನ ಲೋಟವನ್ನು ತಂದ ಕೈ ಯಾರದು? ಬಹುತೇಕ ಅದು ಒಬ್ಬ ಹುಡುಗನದು. ಐದನೆಯದೋ ಏಳನೆಯದೋ ತರಗತಿಗೆ ಶಾಲೆ ಬಿಟ್ಟು, ಊರಿನ ಪರಿಚಿತರ ಜತೆ ಬಂದವನು. ಮೊದಲು ಮೋರಿಯ ಬಳಿ ಪಾತ್ರೆ, ಆಮೇಲೆ ಮೇಜು ಒರೆಸುವುದು, ಆಮೇಲೆ ಬಡಿಸುವುದು, ಅದೃಷ್ಟವಿದ್ದರೆ ಗಲ್ಲಾ, ಇನ್ನೂ ಅದೃಷ್ಟವಿದ್ದರೆ ಸ್ವಂತದ್ದೊಂದು ಹೋಟೆಲು ಎಂಬ ಏಣಿ ಅವನ ಮುಂದಿತ್ತು. ಹಿಟ್ಟು ರುಬ್ಬುವಾಗ ಊರು ಮಲಗಿರುತ್ತಿತ್ತು. ಕೊನೆಯ ಗಿರಾಕಿ ಎದ್ದ ಮೇಲೆ ಅದೇ ಮೇಜುಗಳನ್ನು ಸರಿಸಿ ಚಾಪೆ ಹಾಸುತ್ತಿದ್ದ. ಗಿರಾಕಿಗೆ ಉಳಿದ ಹತ್ತು ನಿಮಿಷಗಳು ಅವನ ನಿದ್ದೆಯಿಂದ ಕಡಿದು ತೆಗೆದವು. ಏಣಿಯನ್ನು ಹತ್ತಿದವರ ಹೆಸರುಗಳು ಸಂಘಸಂಸ್ಥೆಗಳ ಸ್ಮರಣಸಂಚಿಕೆಗಳಲ್ಲಿವೆ. ಮೊದಲ ಮೆಟ್ಟಿಲಲ್ಲೇ ಬೇನೆ ಬಿದ್ದು ಊರಿಗೆ ಮರಳಿದವರ ಹೆಸರು ಎಲ್ಲಿಯೂ ಇಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೋಟೆಲುಗಳಿಗೂ ದುಡಿಮೆಯ ತಾಸುಗಳನ್ನು, ವಾರದ ರಜೆಯನ್ನು ನಿಗದಿಪಡಿಸಿತ್ತು. ಕಾರ್ಮಿಕರ ಸಂಘಟನೆಯೂ ಇತ್ತು. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕಾರ್ಮಿಕರ ನಡುವೆ ದುಡಿಯಲಾರಂಭಿಸಿದ ಜಾರ್ಜ್ ಫರ್ನಾಂಡಿಸರು ಮುಂಬಯಿಗೆ ಬಂದು ದೊಡ್ಡ ಕಾರ್ಮಿಕ ನಾಯಕರಾದದ್ದು ಎಲ್ಲರಿಗೂ ತಿಳಿದದ್ದೇ. ಕರಾವಳಿಯು ಮುಂಬಯಿಗೆ ಹೋಟೆಲು ಮಾಲೀಕರನ್ನು ಕೊಟ್ಟಂತೆ ಅವರ ಎದುರು ನಿಂತು ಕೇಳುವವರನ್ನೂ ಕೊಟ್ಟಿತು. ಆದರೆ ಮಾಲೀಕನೂ ಹುಡುಗನೂ ಒಂದೇ ಊರಿನವರು, ಕೆಲವೊಮ್ಮೆ ಒಂದೇ ಮನೆತನದವರು ಆಗಿದ್ದಾಗ ರಜೆ ಕೇಳುವ ಬಾಯಿ ಸುಲಭವಾಗಿ ತೆರೆಯುತ್ತಿರಲಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಕೇಂದ್ರ ಸರಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನಮ್ಮ ಎಷ್ಟೋ ತಲೆಮಾರುಗಳ ಬಾಲ್ಯ ಮೇಜು ಒರೆಸಿ ಮುಗಿದಿತ್ತು.

ಈ ಲೆಕ್ಕದ ಇನ್ನೊಂದು ಬದಿಯಲ್ಲಿ ಬರೆಯಬೇಕಾದದ್ದು ರಾತ್ರಿಶಾಲೆ. ಮೊಗವೀರರು, ಬಿಲ್ಲವರು ಮತ್ತಿತರ ಸಮುದಾಯಗಳ ಸಂಘಟನೆಗಳು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ತೆರೆದವು. ಹಗಲು ಲೋಟ ಹಿಡಿದ ಕೈ ರಾತ್ರಿ ಪೆನ್ಸಿಲ್ ಹಿಡಿಯಿತು. ಅಲ್ಲಿ ಮೆಟ್ರಿಕ್ ಮುಗಿಸಿದವರು ಗುಮಾಸ್ತರಾದರು, ವಕೀಲರಾದರು, ಅಧ್ಯಾಪಕರಾದರು, ಲೇಖಕರಾದರು. ಮುಂಬಯಿ ಕನ್ನಡ ಸಾಹಿತ್ಯದ ಓದುಗವರ್ಗದ ಒಂದು ದೊಡ್ಡ ಭಾಗ ಇಲ್ಲಿಂದ ಬಂತು. ಕೆಲವು ಮಾಲೀಕರು ಸಂಜೆ ತಮ್ಮ ಹುಡುಗರನ್ನು ಶಾಲೆಗೆ ಬಿಟ್ಟರು, ಕೆಲವರು ಬಿಡಲಿಲ್ಲ. ಆ ಒಂದು ನಿರ್ಧಾರದ ಮೇಲೆ ಒಬ್ಬೊಬ್ಬ ಹುಡುಗನ ಆಯುಷ್ಯ ಆ ಕಡೆಗೋ ಈ ಕಡೆಗೋ ಹೊರಳಿತು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಕಟ್ಟಿದ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಗಳ ಹಿಂದೆಯೂ ಓದಿನ ಈ ಹಸಿವೇ ಇದೆ.

ಬಡಿಸುವವನಿಗೂ ಯಾರಾದರೂ ಬಡಿಸಬೇಕು ಎಂಬ ಈ ವಿವೇಕ ಕರಾವಳಿಯ ಬ್ಯಾಂಕುಗಳಲ್ಲಿಯೂ ಕಾಣುತ್ತದೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಇವರು ಉಡುಪಿಯಲ್ಲಿ 8000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಕೂಲಿಕಾರ, ಸಣ್ಣ ವ್ಯಾಪಾರಿ, ನೇಕಾರರು ಹೀಗೆ ಗಿರಾಕಿಗಳಾದರು. ಗಿರಾಕಿ ಬರಲೆಂದು ಕಾಯದೆ ಗಿರಾಕಿಯ ಬಳಿಗೆ ಹೋದ ಈ ಸೇವೆ ನೀರಿನ ಲೋಟದ ಮನೋಧರ್ಮವೇ. 1978ರಲ್ಲಿ ಮುಂಬಯಿಯ ಬಿಲ್ಲವರು ಭಾರತ್ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದಾಗಲೂ ಈ ಪರಂಪರೆ ಮುಂದುವರಿಯಿತು. ಅದರ ಶಾಖೆಗಳು ಥಾಣೆ ಜಿಲ್ಲೆಯ ನಮ್ಮ ಊರುಗಳಿಗೂ ಬಂದವು.

1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಖಾರಿಯ ಆಚೆ ನವಿಮುಂಬಯಿ ಏಳತೊಡಗಿತು. ಸಗಟು ಮಾರುಕಟ್ಟೆಗಳು ವಾಶಿಗೆ ಸ್ಥಳಾಂತರಗೊಂಡವು. 1992ರಲ್ಲಿ ಮಾನ್‌ಖುರ್ದಿನಿಂದ ವಾಶಿಗೆ ಲೋಕಲ್ ಗಾಡಿ ಬಂತು. ಹೊಸ ಊರಿನಲ್ಲಿ ಎಲ್ಲರೂ ಹೊಸಬರು, ಆದ್ದರಿಂದ ಎಲ್ಲರೂ ಹೊಸ ಗಿರಾಕಿಗಳು. ಮೂಟೆ ಹೊರುವ ಮಾಥಾಡಿ ಕಾರ್ಮಿಕನೂ ಕಚೇರಿಯ ಅಧಿಕಾರಿಯೂ ಒಂದೇ ಹೋಟೆಲಿನ ಬೇರೆ ಬೇರೆ ತಾಸುಗಳಲ್ಲಿ ಕಂಡರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದಾಗ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಆ ರೈಲ್ವೆಯ ಮುಖ್ಯ ಕಚೇರಿ ಇರುವುದೂ ಬೇಲಾಪುರದಲ್ಲಿಯೇ. ಆದರೆ ಊರು ಸಮೀಪವಾದ ಆ ಕಾಲದಲ್ಲಿಯೇ ಊರಿನ ಹುಡುಗರು ಬರುವುದು ಕಡಿಮೆಯಾಯಿತು. ಕರಾವಳಿಯಲ್ಲಿ ಶಾಲೆ, ಕಾಲೇಜುಗಳು ಹೆಚ್ಚಿದವು. ಕೊಲ್ಲಿ ದೇಶಗಳೂ ಬೆಂಗಳೂರೂ ಕರೆದವು. ಮಾಲೀಕರ ಮಕ್ಕಳು ಇಂಜಿನಿಯರರಾದರು. ಎಷ್ಟೋ ಹೋಟೆಲುಗಳು ‘ಕಂಡಕ್ಟಿಂಗ್’ ಕರಾರಿನಲ್ಲಿ ಬೇರೆಯವರ ಕೈಗೆ ಹೋದವು. ಇದನ್ನು ಅವನತಿಯೆಂದು ಶೋಕಿಸುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಮಗ ಮೇಜು ಒರೆಸಬಾರದೆಂದೇ ಅಪ್ಪ ಮೇಜು ಒರೆಸಿದ್ದು.

ಅಂಗಡಿ, ಹೋಟೆಲು, ಬ್ಯಾಂಕುಗಳ ಗೋಡೆಯ ಮೇಲೆ ಗಾಂಧೀಜಿಯವರ ಹೆಸರಿನಲ್ಲಿ ಗ್ರಾಹಕನ ಹಿರಿಮೆಯನ್ನು ಸಾರುವ ಚೌಕಟ್ಟೊಂದನ್ನು ನಾವೆಲ್ಲ ಕಂಡಿದ್ದೇವೆ. ಆ ಮಾತು ಗಾಂಧೀಜಿಯವರದೆಂಬುದಕ್ಕೆ ಆಧಾರ ದೊರೆತಿಲ್ಲ. ಯಾರದೇ ಆಗಿರಲಿ, ಅದು ಗ್ರಾಹಕನನ್ನು ಕುರಿತು ಮಾತ್ರ ಹೇಳುತ್ತದೆ. ಆ ಚೌಕಟ್ಟಿನ ಕೆಳಗೆ ನಿಂತು ದುಡಿಯುವವನನ್ನು ಕುರಿತು ಏನನ್ನೂ ಹೇಳುವುದಿಲ್ಲ. ನಮ್ಮ ಹೋಟೆಲುಗಳ ಚರಿತ್ರೆಯನ್ನೂ ನಾವು ಬಹುಕಾಲ ಹಾಗೆಯೇ ಹೇಳಿಕೊಂಡು ಬಂದಿದ್ದೇವೆ.

ಇಂದು ಥಾಣೆಯಲ್ಲಿಯೋ ಪನ್ವೇಲಿನಲ್ಲಿಯೋ ಉಡುಪಿ ಹೋಟೆಲೊಂದರಲ್ಲಿ ಕೂತರೆ ನೀರಿನ ಲೋಟ ಈಗಲೂ ಬರುತ್ತದೆ. ಅದನ್ನು ತರುವ ಹುಡುಗ ಉತ್ತರ ಪ್ರದೇಶದವನೋ ಬಿಹಾರದವನೋ ನೇಪಾಳದವನೋ ಆಗಿರುತ್ತಾನೆ. ಅವನೂ ನಮ್ಮ ಹಿರಿಯರಂತೆಯೇ ಆರು ತಿಂಗಳಲ್ಲಿ ಮರಾಠಿ ಕಲಿಯುತ್ತಾನೆ. ಗಿರಾಕಿಯ ಎಂದಿನ ತಿಂಡಿಯನ್ನು ನೆನಪಿಟ್ಟುಕೊಳ್ಳುತ್ತಾನೆ. ಹೊರಗಿನವರನ್ನು ಓಡಿಸಬೇಕೆಂಬ ಕೂಗೆದ್ದಾಗ ಅವನೂ ಬೆದರುತ್ತಾನೆ. ಅವನಿಗಾಗಿ ಸಂಜೆ ತೆರೆಯುವ ಶಾಲೆ ಯಾವುದು? ಅವನ ಎರಡಾಣೆಯನ್ನು ಬಾಗಿಲಿಗೆ ಬಂದು ಬರೆದುಕೊಳ್ಳುವವರು ಯಾರು? ಹಿಂದೆ ನಮ್ಮವರಿಗಾಗಿ ನಮ್ಮ ಸಂಘಗಳು ಈ ಪ್ರಶ್ನೆಗಳನ್ನು ಕೇಳಿಕೊಂಡವು ಮತ್ತು ಉತ್ತರವನ್ನು ಕಟ್ಟಿದವು. ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳ ನಮ್ಮ ಸಂಘಗಳಿಗೆ ಇಂದು ಸಭಾಗೃಹಗಳಿವೆ, ಶಾಲೆಗಳಿವೆ, ಸಂಜೆಯ ಹೊತ್ತು ಖಾಲಿಯಿರುವ ಕೊಠಡಿಗಳೂ ಇವೆ. ರಾತ್ರಿಶಾಲೆಯ ಋಣವನ್ನು ಹಿಂದಿರುಗಿಸಲು ಹಿಂದಿನವರು ಯಾರೂ ಉಳಿದಿಲ್ಲ. ಆ ಋಣ ಈಗ ನೀರಿನ ಲೋಟ ತಂದಿಟ್ಟ ಈ ಹುಡುಗನಿಗೆ ಸಲ್ಲಬೇಕಾದದ್ದು.